ಅಮ್ಮನ ಬಳೆ ಅಡವಿಟ್ಟು ಇಗರ್ಜಿ ಕಟ್ಟಬೇಕಾ?

ಪ್ರಶ್ನೆ: ನಾವು ಕಾರವಾರ ತಾಲೂಕಿನ ಕಡಲ ಬದಿಯ ಒಂದು ಊರಿನವರು. ಕ್ಯಾಥೊಲಿಕರು. ಅಪ್ಪ ಬೋಟಿಗೆ ಹೋಗುತ್ತಿದ್ದರು, ತೀರಿಕೊಂಡು ಕೆಲವು ವರ್ಷ ಆಯಿತು. ನನ್ನೊಬ್ಬನ ಸಂಬಳದಲ್ಲಿ ಅಮ್ಮ, ತಂಗಿ, ಹೆಂಡತಿ, ಇಬ್ಬರು ಮಕ್ಕಳು. ನಮ್ಮ ಹಳೆಯ ಇಗರ್ಜಿ (ಚರ್ಚ್) ಕೆಡವಿ ದೊಡ್ಡದು ಕಟ್ಟುವುದು ಎಂದು ತೀರ್ಮಾನ ಆಗಿದೆ. ಮನೆಗೆ 50,000 ರೂಪಾಯಿ ಎಂದು ಗೊತ್ತುಮಾಡಿದ್ದಾರೆ. ಒಂದು ಲಕ್ಷಕ್ಕಿಂತ ಜಾಸ್ತಿ ಕೊಟ್ಟವರ ಹೆಸರು ಕಲ್ಲಿನ ಫಲಕದಲ್ಲಿ ಬರುತ್ತದಂತೆ. ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಿಗೆ ಇದೇನು ದೊಡ್ಡ ಮೊತ್ತ ಅಲ್ಲ. ಒಂದು ಭಾನುವಾರ ಪ್ರಸಂಗದಲ್ಲಿ ಬಡ ವಿಧವೆಯ ಎರಡು ಕಾಸಿನ ಕಥೆ ಬಂತು. ಅವತ್ತಿನಿಂದ ಅಮ್ಮ ತನ್ನ ಬಳೆ ಅಡವಿಟ್ಟಾದರೂ ಕೊಡುತ್ತೇನೆ ಎನ್ನುತ್ತಿದ್ದಾಳೆ. ಶಿರಸಿಯಲ್ಲಿರುವ ಅಕ್ಕ ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾಳೆ. ಅಲ್ಲಿ ದಶಮಾಂಶ, ಅಂದರೆ ಸಂಪಾದನೆಯ ಹತ್ತರಲ್ಲಿ ಒಂದು ಪಾಲು, ಕೊಟ್ಟರೆ ದೇವರು ಹತ್ತರಷ್ಟು ವಾಪಸ್ ಕೊಡುತ್ತಾನೆ ಎಂದು ಕಲಿಸುತ್ತಾರೆ. ಲೆಕ್ಕ ಕೇಳಿದರೆ ಇಲ್ಲಿ 'ನಿನಗೆ ವಿಶ್ವಾಸ ಕಡಿಮೆ' ಎನ್ನುತ್ತಾರೆ, ಅಲ್ಲೂ ಅದೇ ಮಾತು. ಕೊಡದಿದ್ದರೆ ನಾಳೆ ಮಕ್ಕಳ ಮೊದಲ ಪರಮಪ್ರಸಾದಕ್ಕೆ (ಫಸ್ಟ್ ಕಮ್ಯುನಿಯನ್), ತಂಗಿಯ ಮದುವೆಗೆ ತೊಂದರೆ ಆಗಬಹುದಾ? ಕ್ರಿಸ್ತ ಹೇಳಿದ್ದಕ್ಕೂ ಇದಕ್ಕೂ ಏನು ಸಂಬಂಧ? ನನಗಂತೂ ಪೂಜೆಗೆ ಹೋಗುವ ಮನಸ್ಸೇ ಹೋಗಿದೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬಳೆ ಅಡವಿಡಬೇಡಿ. ಕೈಯಲ್ಲಿ ಇಲ್ಲದ ಹಣ ಕೊಡದಿದ್ದರೆ ಪಾಪ ಇಲ್ಲ. ಇದು ನನ್ನ ಸ್ವಂತ ಧಾರಾಳತನ ಎಂದು ತಿಳಿಯಬೇಡಿ, ಚರ್ಚಿನದೇ ಮಾತು. ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದ 2043ನೇ ಪರಿಚ್ಛೇದ ನೋಡಿ. ಧರ್ಮಸಭೆಯ ಖರ್ಚುವೆಚ್ಚಕ್ಕೆ ವಿಶ್ವಾಸಿಗಳು ನೆರವಾಗಬೇಕು ಎಂದು ಅಲ್ಲಿದೆ. ಅದೇ ಸಾಲಿನಲ್ಲಿ 'ಅವರವರ ಶಕ್ತಿಗೆ ತಕ್ಕಂತೆ' ಎಂದೂ ಇದೆ. ಒಡವೆ ಅಡವಿಟ್ಟು ತಿಂಗಳು ತಿಂಗಳು ಬಡ್ಡಿ ಕಟ್ಟುವುದು ಯಾವ ಲೆಕ್ಕದಲ್ಲಿ ಶಕ್ತಿಗೆ ತಕ್ಕಂತೆ ಆಗುತ್ತದೆ?

ಇನ್ನು ಆ 'ಮನೆಗೆ 50,000'. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 1263ನೇ ನಿಯಮ ಇದೆ. ವ್ಯಕ್ತಿಗಳ ಮೇಲೆ ತೆರಿಗೆಯ ಹಾಗೆ ಹಣ ಹಾಕುವುದಾದರೆ ಅದನ್ನು ಹಾಕಬಹುದಾದವರು ಬಿಷಪ್. ಅವರೂ ತುಂಬಾ ಗಂಭೀರ ಅಗತ್ಯ ಇದ್ದಾಗ ಮಾತ್ರ, ಮಿತವಾಗಿ, ಹಣಕಾಸು ಸಮಿತಿಯನ್ನೂ ಗುರುಗಳ ಮಂಡಳಿಯನ್ನೂ ಕೇಳಿಯೇ ಹಾಕಬೇಕು. ಒಂದು ಧರ್ಮಕೇಂದ್ರದ, ಅಂದರೆ ಒಂದು ಊರಿನ ಇಗರ್ಜಿಯ, ಕಟ್ಟಡ ಕಮಿಟಿಗೆ ಆ ಅಧಿಕಾರ ಇಲ್ಲ. ಅವರು ಕೇಳಬಹುದು, ಅಷ್ಟೇ. ನೀವು 'ಇಷ್ಟಾಗುತ್ತದೆ' ಅನ್ನಬಹುದು, 'ಈಗ ಆಗುವುದಿಲ್ಲ' ಅಂತಲೂ ಅನ್ನಬಹುದು.

ಮಕ್ಕಳ ಪರಮಪ್ರಸಾದ, ತಂಗಿಯ ಮದುವೆಯ ಬಗ್ಗೆ ಚಿಂತೆ ಬಿಡಿ. ಸರಿಯಾದ ಸಮಯದಲ್ಲಿ, ಸರಿಯಾದ ತಯಾರಿಯಿಂದ ಸಂಸ್ಕಾರ ಕೇಳಿ ಬಂದವರಿಗೆ ಧರ್ಮಗುರು ಇಲ್ಲ ಅನ್ನುವಂತಿಲ್ಲ. ಅದು 843ನೇ ನಿಯಮ. ದುಡ್ಡಿಲ್ಲ ಎಂಬ ಕಾರಣಕ್ಕೆ ಬಡವರಿಗೆ ಸಂಸ್ಕಾರ ತಪ್ಪಬಾರದು ಎಂದು 848 ಬಿಡಿಸಿ ಹೇಳುತ್ತದೆ. ಕಟ್ಟಡದ ಬಾಕಿ ತೋರಿಸಿ ಮದುವೆಯ ಕಾಗದ ತಡೆಹಿಡಿದರೆ ತಪ್ಪು ತಡೆದವರದು. ಹಾಗೇನಾದರೂ ಆದರೆ ಕಾರವಾರದ ಬಿಷಪ್ ಹೌಸಿಗೆ ಕಾಗದ ಬರೆಯಿರಿ. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ್ಯ ಆದಮೇಲೆ ಆ ಬಾಗಿಲು ನಿಮಗೇನು ದೂರ ಇಲ್ಲ.

ಈಗ ಆ ವಿಧವೆಯ ವಿಷಯ. ನಿಮ್ಮ ಅಮ್ಮನ ಮನಸ್ಸಿನಲ್ಲಿ ಕೂತಿರುವುದು ಅದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದೋಣ.

ಮಾರ್ಕನ ಶುಭಸಂದೇಶ, 12ನೇ ಅಧ್ಯಾಯ, 41ರಿಂದ 44. ಯೇಸು ಜೆರುಸಲೇಮಿನ ದೇವಾಲಯದಲ್ಲಿ ಕಾಣಿಕೆ ಪೆಟ್ಟಿಗೆಯ ಎದುರು ಕೂತಿದ್ದಾರೆ. ಶ್ರೀಮಂತರು ಬಂದು ದೊಡ್ಡ ದೊಡ್ಡ ಮೊತ್ತ ಹಾಕುತ್ತಾರೆ. ಒಬ್ಬ ಬಡ ವಿಧವೆ ಬಂದು ಎರಡು ಚಿಕ್ಕ ನಾಣ್ಯ ಹಾಕುತ್ತಾಳೆ. ಆ ಕಾಲದ ದಿನಗೂಲಿ ಒಂದು ದಿನಾರಿ. ಅವಳ ಎರಡು ಕಾಸು ಅದರ 64ರಲ್ಲಿ ಒಂದು ಪಾಲು. ಇವತ್ತಿನ ಕೂಲಿ 640 ರೂಪಾಯಿ ಎಂದು ಇಟ್ಟುಕೊಂಡರೆ ಹತ್ತು ರೂಪಾಯಿ. ಯೇಸು ಶಿಷ್ಯರನ್ನು ಕರೆದು, ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳು, ಮಿಕ್ಕವರು ತಮಗೆ ಹೆಚ್ಚಾದದ್ದರಲ್ಲಿ ಕೊಟ್ಟರು, ಇವಳು ತನ್ನ ಜೀವನಕ್ಕಿದ್ದದ್ದನ್ನೆಲ್ಲ ಕೊಟ್ಟಳು ಎನ್ನುತ್ತಾರೆ. ಪ್ರಸಂಗ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ.

ಮೀನು ಪೇಟೆಯಲ್ಲಿ ತಲೆ ಬಾಲ ತೆಗೆದ ತುಂಡು ಕೊಟ್ಟರೆ ನಿಮ್ಮ ಅಮ್ಮ ತಗೊಳ್ಳುತ್ತಾರಾ? ಕಿವಿರು ನೋಡದೆ ತಾಜಾ ಹೌದೋ ಅಲ್ಲವೋ ಹೇಗೆ ಗೊತ್ತಾಗಬೇಕು? ಈ ಕಥೆಗೂ ತಲೆ ಇದೆ, ಬಾಲ ಇದೆ. ಸ್ವಲ್ಪ ಮೇಲೆ, 38ರಿಂದ 40ನೇ ವಾಕ್ಯದವರೆಗೆ ಓದಿ. ಉದ್ದ ನಿಲುವಂಗಿ ಹಾಕಿಕೊಂಡು ತಿರುಗುವ, ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಹುಡುಕುವ ಧರ್ಮಶಾಸ್ತ್ರಿಗಳ ಬಗ್ಗೆ ಎಚ್ಚರ ಇರಲಿ ಎನ್ನುತ್ತಾರೆ ಯೇಸು. ಯಾಕೆ? ಅವರು ವಿಧವೆಯರ ಮನೆಗಳನ್ನು ನುಂಗುತ್ತಾರೆ, ತೋರಿಕೆಗೆ ಉದ್ದುದ್ದ ಪ್ರಾರ್ಥನೆ ಮಾಡುತ್ತಾರೆ. ಈ ಮಾತು ಮುಗಿದ ಕೂಡಲೇ ಪೆಟ್ಟಿಗೆಯ ಮುಂದೆ ಬರುವವಳು ಯಾರು? ಒಬ್ಬ ವಿಧವೆ. ಕೊನೆಯ ಕಾಸು ಹಾಕುತ್ತಾಳೆ.

ಇನ್ನು ಕಥೆಯ ನಂತರದ ಎರಡು ವಾಕ್ಯ, 13ನೇ ಅಧ್ಯಾಯದ ಆರಂಭ. ದೇವಾಲಯದಿಂದ ಹೊರಬರುವಾಗ ಒಬ್ಬ ಶಿಷ್ಯ, ಗುರುವೇ ನೋಡಿ, ಎಂಥ ಕಲ್ಲುಗಳು, ಎಂಥ ಕಟ್ಟಡ ಎಂದು ಬೆರಗಾಗುತ್ತಾನೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದು ಯೇಸು ಉತ್ತರ ಕೊಡುತ್ತಾರೆ.

ಇಲ್ಲಿ ಒಂದು ಚರಿತ್ರೆಯ ಮಾತು. ಆ ದೇವಾಲಯವನ್ನು ದೊಡ್ಡದು ಮಾಡುವ ಕೆಲಸವನ್ನು ಹೆರೋದ ರಾಜ ಕ್ರಿ.ಪೂ. 20ರ ಸುಮಾರಿಗೆ ಶುರುಮಾಡಿದ್ದ. ಯೇಸುವಿನ ಕಾಲಕ್ಕೆ 46 ವರ್ಷ ಆಗಿತ್ತು ಎಂದು ಯೊವಾನ್ನನ ಶುಭಸಂದೇಶದಲ್ಲಿದೆ. ಆಗಲೂ ಕೆಲಸ ಪೂರ್ತಿ ಮುಗಿದಿರಲಿಲ್ಲ. ಅಂದರೆ ಆ ವಿಧವೆ ಕಾಸು ಹಾಕಿದ್ದು ಇನ್ನೂ ಕಟ್ಟುತ್ತಲೇ ಇದ್ದ ಒಂದು ದೇವಾಲಯಕ್ಕೆ. ಕ್ರಿ.ಶ. 70ರಲ್ಲಿ ರೋಮನರು ಅದನ್ನು ನೆಲಸಮ ಮಾಡಿದರು.

ಯೇಸು ಅವಳನ್ನು ಹೊಗಳಿದರೋ, ಅವಳ ಗತಿ ನೋಡಿ ನೊಂದರೋ? ಬೈಬಲ್ ಪಂಡಿತರಲ್ಲಿ ಎರಡು ಪಕ್ಷ ಇದೆ. ಅವಳ ಸಮರ್ಪಣೆ ದೊಡ್ಡದು ಎಂಬುದು ಹಳೆಯ ಓದು, ಸಂತರೂ ಹಾಗೇ ಓದಿದ್ದಾರೆ. ಅದನ್ನು ಸುಮ್ನೆ ತಳ್ಳಿಹಾಕಲು ಬರುವುದಿಲ್ಲ. ಆದರೆ ಆ ನಾಲ್ಕು ವಾಕ್ಯದಲ್ಲಿ 'ನೀವೂ ಹೀಗೆ ಮಾಡಿ' ಎಂಬ ಮಾತಿಲ್ಲ. ಒಳ್ಳೆಯ ಸಮಾರಿಯದವನ ಕಥೆಯ ಕೊನೆಯಲ್ಲಿ ಯೇಸು, ಹೋಗು, ನೀನೂ ಹಾಗೇ ಮಾಡು ಎಂದು ಬಾಯಿಬಿಟ್ಟು ಹೇಳುತ್ತಾರೆ. ಇಲ್ಲಿ ಹೇಳುವುದಿಲ್ಲ. ಮೊದಲ ಪಕ್ಷವೇ ಸರಿ ಅಂದುಕೊಂಡರೂ ಒಂದು ವಿಷಯ ಉಳಿಯುತ್ತದೆ. ಆ ಹೆಂಗಸಿನ ಮನೆಗೆ ಯಾರೂ ರಸೀದಿ ಪುಸ್ತಕ ಹಿಡಿದುಕೊಂಡು ಹೋಗಿರಲಿಲ್ಲ. ಅವಳ ಎರಡು ಕಾಸನ್ನು ತೋರಿಸಿ ಇನ್ನೊಬ್ಬ ವಿಧವೆಯ ಹತ್ತಿರ ಹಣ ಕೇಳುವ ಮನುಷ್ಯ ಆ ಕಥೆಯಲ್ಲಿ ಎಲ್ಲೂ ಇಲ್ಲ. ಇದ್ದರೆ ಅವನ ಜಾಗ 40ನೇ ವಾಕ್ಯದಲ್ಲಿ.

ಅಮ್ಮನಿಗೆ ತೋರಿಸಲು ಇನ್ನೊಂದು ಭಾಗ ಇದೆ, ಅದೇ ಮಾರ್ಕನಲ್ಲಿ, 7ನೇ ಅಧ್ಯಾಯ. ಕೆಲವರು ಅಪ್ಪ ಅಮ್ಮನಿಗೆ ಕೊಡಬೇಕಾದದ್ದನ್ನು 'ಇದು ದೇವರಿಗೆ ಮುಡಿಪು' ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ದೇವರ ಹೆಸರಿನಲ್ಲಿ ದೇವರ ಆಜ್ಞೆಯನ್ನೇ ರದ್ದುಮಾಡುತ್ತಿದ್ದೀರಿ ಎಂದು ಯೇಸು ಅವರನ್ನು ಬೈಯುತ್ತಾರೆ. ಮನೆಯವರ ಹೊಟ್ಟೆಗೆ, ಔಷಧಿಗೆ ಇಟ್ಟ ಹಣ ಕಾಣಿಕೆ ಪೆಟ್ಟಿಗೆಗೆ ಹೋದರೆ ದೇವರಿಗೆ ಸಂತೋಷ ಆಗುತ್ತದೆ ಎಂದು ಯೇಸು ನಂಬಿರಲಿಲ್ಲ. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯಕ್ಕೆ ಬನ್ನಿ. ಮೊದಲ ಕ್ರೈಸ್ತರ ಸಭೆಯಲ್ಲಿ ಹುಟ್ಟಿದ ಮೊದಮೊದಲ ಜಗಳಗಳಲ್ಲಿ ಒಂದು ಯಾವುದಕ್ಕೆ ಗೊತ್ತಾ? ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂದು. ಅದನ್ನು ಸರಿಮಾಡಲೆಂದೇ ಏಳು ಜನರನ್ನು ಆರಿಸಿದರು. ಆಗ ಹಣ ಸಭೆಯಿಂದ ವಿಧವೆಯ ಕಡೆಗೆ ಹೋಗುತ್ತಿತ್ತು. ನಿಮ್ಮ ಊರಿನಲ್ಲಿ ಅದು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂದು ಕಮಿಟಿಯವರು ಒಮ್ಮೆ ನೋಡಿಕೊಳ್ಳಲಿ.

ಅಕ್ಕನ ಪ್ರಾರ್ಥನಾ ಕೂಟದ ಬಗ್ಗೆ ನನ್ನ ಮಾತು ಸ್ವಲ್ಪ ಖಾರವಾಗಿಯೇ ಇರುತ್ತದೆ, ಬೇಸರ ಬೇಡ. ಅಲ್ಲಿ ಓದುವುದು ಮಲಾಕಿಯ 3ನೇ ಅಧ್ಯಾಯದ 10ನೇ ವಾಕ್ಯ. ದಶಮಾಂಶವನ್ನು ಭಂಡಾರಕ್ಕೆ ತನ್ನಿ, ನನ್ನನ್ನು ಪರೀಕ್ಷಿಸಿ ನೋಡಿ, ಆಕಾಶದ ಬಾಗಿಲು ತೆರೆದು ಆಶೀರ್ವಾದ ಸುರಿಸುತ್ತೇನೆ ಎಂಬ ಮಾತು. ಅದೇ ಅಧ್ಯಾಯದ 5ನೇ ವಾಕ್ಯ ಎಷ್ಟು ಕೂಟಗಳಲ್ಲಿ ಓದುತ್ತಾರೆ? ಕೂಲಿಯವನ ಸಂಬಳಕ್ಕೆ ಮೋಸ ಮಾಡುವವರ, ವಿಧವೆಯನ್ನೂ ಅನಾಥರನ್ನೂ ಹಿಂಡುವವರ ವಿರುದ್ಧ ನಾನೇ ಸಾಕ್ಷಿ ಹೇಳುತ್ತೇನೆ ಎನ್ನುತ್ತಾನೆ ದೇವರು ಅಲ್ಲಿ. ದಶಮಾಂಶದ ಒಂದು ಮುಖ್ಯ ಕಾನೂನು ಇರುವುದು ಧರ್ಮೋಪದೇಶಕಾಂಡದ 14ನೇ ಅಧ್ಯಾಯದಲ್ಲಿ. ಅದನ್ನು ಓದಿದರೆ ಅಕ್ಕನಿಗೆ ಆಶ್ಚರ್ಯ ಆಗಬಹುದು. ಬೆಳೆಯ ಹತ್ತರಲ್ಲಿ ಒಂದನ್ನು ತೆಗೆದಿಡಿ, ದೇವರ ಸನ್ನಿಧಿಗೆ ಹೋಗಿ ನಿಮ್ಮ ಮನೆಯವರೆಲ್ಲ ಕೂತು ಊಟ ಮಾಡಿ, ಖುಷಿಪಡಿ ಎಂದಿದೆ. ದಾರಿ ದೂರವಾದರೆ ಅದನ್ನು ಮಾರಿ ಹಣ ತಗೊಂಡು ಹೋಗಿ, ಅಲ್ಲಿ ಬೇಕಾದದ್ದು ಕೊಂಡುಕೊಳ್ಳಿ ಎಂದೂ ಇದೆ. ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರಲ್ಲೇ ಇಟ್ಟು, ದೇವಾಲಯದ ಸೇವೆ ಮಾಡುವ, ಜಮೀನಿಲ್ಲದ ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಹೊಟ್ಟೆ ತುಂಬ ತಿನ್ನಲು ಬಿಡಬೇಕು. ಇದರಲ್ಲಿ ಹತ್ತು ಕೊಟ್ಟರೆ ನೂರು ಎಂಬ ವ್ಯಾಪಾರ ಎಲ್ಲಿದೆ?

ಹಣವನ್ನು ಬೀಜದ ಹಾಗೆ ಬಿತ್ತಿದರೆ ಹಣವೇ ಬೆಳೆಯುತ್ತದೆ ಎಂಬ ಪಾಠ 20ನೇ ಶತಮಾನದ ಅಮೆರಿಕದಲ್ಲಿ, ರೇಡಿಯೊ ಟಿವಿ ಬೋಧಕರ ಕೈಯಲ್ಲಿ ಹಬ್ಬಿದ್ದು. ಅದನ್ನು ವಿರೋಧಿಸುವವರು ಬರೀ ಕ್ಯಾಥೊಲಿಕರು ಎಂದು ಅಕ್ಕ ಅಂದುಕೊಂಡಿರಬಹುದು. ಇವಾಂಜೆಲಿಕಲ್ ಸಭೆಗಳದೇ ದೊಡ್ಡ ಜಾಗತಿಕ ವೇದಿಕೆ ಲೊಸಾನ್ ಚಳವಳಿ. ಅದು 2010ರಲ್ಲಿ ಕೇಪ್ ಟೌನಿನಲ್ಲಿ ಈ ಬೋಧನೆಯನ್ನು ಸ್ಪಷ್ಟವಾಗಿ ತಿರಸ್ಕರಿಸಿತು. ಈ ಪಾಠದ ಕೆಟ್ಟ ಮುಖ ಕಾಣುವುದು ಕಷ್ಟ ಬಂದಾಗ. ಮಗುವಿಗೆ ಕಾಯಿಲೆ ಬಂತು, ಗಂಡನ ಕೆಲಸ ಹೋಯಿತು ಅಂದರೆ, ನಿನ್ನ ವಿಶ್ವಾಸ ಸಾಲದು, ಇನ್ನೂ ಕೊಡು ಎನ್ನುತ್ತಾರೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರೂ ಹಾಗೇ ವಾದ ಮಾಡಿದರು. ಕೊನೆಗೆ ದೇವರು ಕೋಪ ಮಾಡಿಕೊಂಡದ್ದು ಆ ಸ್ನೇಹಿತರ ಮೇಲೆ. ಅಕ್ಕನ ಜೊತೆ ಜಗಳ ಬೇಡ. 2 ಕೊರಿಂಥ 8ನೇ ಅಧ್ಯಾಯದ 12, 13ನೇ ವಾಕ್ಯ ಅವಳ ಬೈಬಲಿನಲ್ಲೇ ಗುರುತು ಮಾಡಿ ಕೊಡಿ. ನಿಮ್ಮ ಹತ್ತಿರ ಇರುವುದರ ಮೇಲೆ ಕೊಡಿ, ಇಲ್ಲದ್ದರ ಮೇಲೆ ಬೇಡ, ಬೇರೆಯವರಿಗೆ ಆರಾಮ ಆಗಿ ನಿಮಗೆ ಕಷ್ಟ ಆಗುವುದು ನನ್ನ ಉದ್ದೇಶ ಅಲ್ಲ ಎಂದು ಪೌಲ ಬರೆದಿದ್ದಾನೆ. ಆ ಚಂದಾ ಕೂಡ ಜೆರುಸಲೇಮಿನ ಬಡ ಕ್ರೈಸ್ತರಿಗಾಗಿ ಎತ್ತಿದ್ದು.

ನಿಮ್ಮ ಊರಿನ ಇಗರ್ಜಿಯ ಪರವಾಗಿಯೂ ನಾನು ಸ್ವಲ್ಪ ಮಾತಾಡಬೇಕು. ನಿಮ್ಮ ಪತ್ರದಲ್ಲಿ ಆ ಕಡೆಯ ಮಾತು ಒಂದೂ ಇಲ್ಲ.

ಬಡವರಿಗೆ ಊಟ ಕೊಟ್ಟರೆ ಸಾಕು, ಕಟ್ಟಡ ಯಾಕೆ ಎನ್ನುವ ವಾದ ಕೇಳಲು ಚೆನ್ನಾಗಿದೆ. ಬೆಥಾನಿಯದಲ್ಲಿ ಮರಿಯ ಯೇಸುವಿನ ಪಾದಕ್ಕೆ ದುಬಾರಿ ಸುಗಂಧ ತೈಲ ಸುರಿದಾಗ, ಇದನ್ನು 300 ದಿನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಕೇಳಿದವನು ಯೂದಾಸ, ಆಮೇಲೆ ಯೇಸುವನ್ನು ಹಿಡಿದುಕೊಟ್ಟವನು. ಯೇಸು ಮರಿಯಳ ಪರ ನಿಂತರು. ಇಗರ್ಜಿ ಅಂದರೆ ನಮ್ಮ ಕರಾವಳಿಯಲ್ಲಿ ಕಲ್ಲು ಸುಣ್ಣ ಮಾತ್ರ ಅಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಕಡೆಯವರು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಇಗರ್ಜಿಗಳು ಬಿದ್ದವು. 1799ರಲ್ಲಿ ಟಿಪ್ಪು ಸತ್ತ ನಂತರ ಬದುಕಿ ಉಳಿದು ಬಂದವರು ಅವನ್ನು ಮತ್ತೆ ಎಬ್ಬಿಸಿದರು. ಆ ನೆನಪು ಮನೆಮಾತಿನಲ್ಲಿ ಇನ್ನೂ ಇದೆ. ಡಿಸೆಂಬರ್ 3ಕ್ಕೆ ಚಂದಾವರದ ಇಗರ್ಜಿಯ ಫೆಸ್ತಿಗೆ (ಹಬ್ಬಕ್ಕೆ) ಹೋಗಿ ನೋಡಿ, ಮೇಣದಬತ್ತಿ ಹಚ್ಚಲು ನಿಂತವರಲ್ಲಿ ಹಿಂದೂಗಳು ಎಷ್ಟು ಜನ. ಒಂದು ಕಟ್ಟಡ ಇಲ್ಲದೆ ಇದು ನಡೆಯುವುದಿಲ್ಲ. ನಿಮ್ಮ ಹಳೆಯ ಇಗರ್ಜಿಯ ಮಾಡು ಜೂನ್ ಜುಲೈಯಲ್ಲಿ ಸೋರುತ್ತಿದ್ದರೆ, ಗೋಡೆಗೆ ಬಿರುಕು ಬಿಟ್ಟಿದ್ದರೆ ಕಟ್ಟಲೇಬೇಕು. ದೊಡ್ಡ ಮನೆ ಇಲ್ಲದವರಿಗೆ ಊರಲ್ಲಿ ಚೆಂದದ್ದು ಅಂತ ಇರುವ ಒಂದು ಜಾಗವೂ ಬೇಡವೆನ್ನಲು ನಾವು ಯಾರು?

ಆದರೆ ಬೆಥಾನಿಯದ ಆ ಮನೆಯಲ್ಲಿ ತೈಲ ಮರಿಯಳದು. ಅವಳೇ ತಂದಳು, ಅವಳೇ ಸುರಿದಳು. ಬಡವರು ಯಾವಾಗಲೂ ನಿಮ್ಮ ಜೊತೆ ಇರುತ್ತಾರೆ ಎಂದು ಯೇಸು ಹೇಳಿದ್ದು ಬಡವರನ್ನು ಬಿಟ್ಟುಬಿಡಿ ಎನ್ನಲು ಅಲ್ಲ. ಆ ಮಾತು ಧರ್ಮೋಪದೇಶಕಾಂಡದ 15ನೇ ಅಧ್ಯಾಯದ್ದು, ಅಲ್ಲಿ ಅದೇ ವಾಕ್ಯದ ಮುಂದಿನ ಭಾಗ 'ಅದಕ್ಕೇ ಕೈಬಿಚ್ಚಿ ಕೊಡಿ' ಎಂದಿದೆ.

ಚರ್ಚಿನ ಹಿರಿಯರು ಈ ವಿಷಯದಲ್ಲಿ ನಮಗಿಂತ ಧೈರ್ಯವಂತರು. 4ನೇ ಶತಮಾನದ ಕೊನೆಯಲ್ಲಿ ಜಾನ್ ಕ್ರಿಸೊಸ್ಟಮ್ ಮತ್ತಾಯನ ಶುಭಸಂದೇಶದ ಮೇಲೆ ಪ್ರಸಂಗ ಮಾಡುತ್ತ ಕೇಳಿದ್ದು ಇದು: ಕ್ರಿಸ್ತನಿಗೆ ಒಳಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ಬತ್ತಲೆ ನಿಂತ ಅದೇ ಕ್ರಿಸ್ತನನ್ನು ದಾಟಿ ಹೋಗುತ್ತೀರಾ? ಅವನ ಮೇಜು ಬಂಗಾರದ ಪಾತ್ರೆಗಳಿಂದ ತುಂಬಿದ್ದು ಅವನೇ ಹಸಿವಿನಿಂದ ಸಾಯುತ್ತಿದ್ದರೆ ಏನು ಪ್ರಯೋಜನ? ಮೊದಲು ಹಸಿದವರಿಗೆ ಕೊಡಿ, ಉಳಿದದ್ದರಲ್ಲಿ ಮೇಜು ಅಲಂಕರಿಸಿ. ಅದೇ ಕಾಲದಲ್ಲಿ ಮಿಲಾನಿನ ಬಿಷಪ್ ಅಂಬ್ರೋಸ್ ಸೆರೆಯಾಳುಗಳನ್ನು ಬಿಡಿಸಲು ಪೂಜೆಯ ಪಾತ್ರೆಗಳನ್ನೇ ಕರಗಿಸಿದರು. ಟೀಕೆ ಬಂದಾಗ, ಧರ್ಮಸಭೆಗೆ ಬಂಗಾರ ಇರುವುದು ಕೂಡಿಡಲು ಅಲ್ಲ, ಕಷ್ಟದಲ್ಲಿರುವವರಿಗೆ ಖರ್ಚು ಮಾಡಲು ಎಂದು ಉತ್ತರ ಬರೆದರು. ಇದೆಲ್ಲ ಹಳೇ ಕಾಲದ ಸಂತರ ಮಾತು, ಈಗ ನಡೆಯುತ್ತಾ ಎಂದು ಕೇಳಬಹುದು. 1987ರಲ್ಲಿ ಎರಡನೇ ಜಾನ್ ಪಾಲ್ ಪೋಪ್ ಇದನ್ನೇ ಎತ್ತಿಕೊಂಡರು. ಜನ ಕಷ್ಟದಲ್ಲಿರುವಾಗ ಅತಿಯಾದ ಚರ್ಚ್ ಅಲಂಕಾರ, ದುಬಾರಿ ಪೂಜಾ ಸಾಮಗ್ರಿಗಳಿಗಿಂತ ಅವರೇ ಮುಖ್ಯ, ಅಂಥ ವಸ್ತುಗಳನ್ನು ಮಾರಿ ಅನ್ನ, ನೀರು, ಬಟ್ಟೆ, ಸೂರು ಕೊಡುವುದು ಕಡ್ಡಾಯವೂ ಆಗಬಹುದು ಎಂದು ಬರೆದರು. ಜರ್ಮನಿಯ ಲಿಂಬುರ್ಗಿನಲ್ಲಿ ಬಿಷಪ್ ಒಬ್ಬರ ನಿವಾಸಕ್ಕೆ 3 ಕೋಟಿ 10 ಲಕ್ಷ ಯೂರೊ ಖರ್ಚಾದಾಗ ಗಲಾಟೆ ಎದ್ದು, 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರ ರಾಜೀನಾಮೆ ಒಪ್ಪಿಕೊಂಡರು.

ಬೋಧನೆ ಇಷ್ಟು ಸ್ಪಷ್ಟ ಇದ್ದೂ ಕಟ್ಟಡಕ್ಕೆ ಬೇಗ ಹಣ ಕೂಡುತ್ತದೆ, ಬಡವರ ನಿಧಿಗೆ ಯಾಕೆ ಕೂಡುವುದಿಲ್ಲ? ನನಗೆ ಕಾಣುವ ಕಾರಣ ಆ ಫಲಕ. ಕಟ್ಟಡದ ಮೇಲೆ ಹೆಸರು ಬರೆಸಬಹುದು, ಯಾರದೋ ಡಯಾಲಿಸಿಸ್ ಬಿಲ್ಲಿನ ಮೇಲೆ ಬರೆಸಲು ಆಗುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದಿರಲಿ ಎಂಬ ಮಾತನ್ನು ಬೂದಿ ಬುಧವಾರ ಪ್ರತಿ ವರ್ಷ ಓದುತ್ತೇವೆ. ಓದಿದ ಪೀಠದ ಪಕ್ಕದ ಗೋಡೆಯಲ್ಲೇ ಮೊತ್ತದ ಸಮೇತ ಹೆಸರು ಕೆತ್ತಿಸುತ್ತೇವೆ. ಇದೇ ಕಾರವಾರ ಧರ್ಮಪ್ರಾಂತ್ಯದಲ್ಲಿ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಕ್ರೈಸ್ತರೂ ಇದ್ದಾರೆ. ಕರಾವಳಿಯ ಒಂದು ಇಗರ್ಜಿಯ ಗ್ರಾನೈಟ್ ಖರ್ಚಿನಲ್ಲಿ ಅಲ್ಲಿನ ಎಷ್ಟು ಮಕ್ಕಳು ಹಾಸ್ಟೆಲಿನಲ್ಲಿ ಓದಬಹುದು ಎಂದು ಯಾವ ಕಮಿಟಿಯಲ್ಲಾದರೂ ಲೆಕ್ಕ ಹಾಕಿದ್ದಾರಾ? ಕೇಳಿ ನೋಡಿ.

ಹಣ ಮತ್ತು ಕಟ್ಟಡದ ಜಗಳ ಚರ್ಚಿಗೆ ಹೊಸದಲ್ಲ. 1517ರಲ್ಲಿ ಮಾರ್ಟಿನ್ ಲೂಥರ್ 95 ವಾದಗಳನ್ನು ಮುಂದಿಟ್ಟಾಗ ಹಿನ್ನೆಲೆಯಲ್ಲಿ ಇದ್ದದ್ದು ರೋಮಿನ ಸೇಂಟ್ ಪೀಟರ್ಸ್ ಕಟ್ಟಡಕ್ಕೆಂದು ಪಾಪದ ಶಿಕ್ಷೆಯ ಮಾಫಿಪತ್ರ ಮಾರುತ್ತಿದ್ದ ಬೋಧಕರು. ಲೂಥರ್ ಅವರ 46ನೇ ವಾದ ನಿಮ್ಮ ಮನೆಗೆ ಹೇಳಿ ಬರೆದ ಹಾಗಿದೆ: ಅಗತ್ಯಕ್ಕಿಂತ ಹೆಚ್ಚು ಇಲ್ಲದವರು ಮನೆ ಖರ್ಚಿಗೆ ಬೇಕಾದ್ದನ್ನು ಇಟ್ಟುಕೊಳ್ಳಬೇಕು, ಮಾಫಿಪತ್ರಕ್ಕೆ ಸುರಿಯಬಾರದು. ಲೂಥರ್ ಕ್ಯಾಥೊಲಿಕ್ ಸಭೆಯಿಂದ ಹೊರಗೆ ಹೋದರು. ಆದರೆ ಈ ಒಂದು ವಿಷಯದಲ್ಲಿ ರೋಮ್ ಕೂಡ ಬದಲಾಯಿತು. ಕ್ಯಾಥೊಲಿಕ್ ಬಿಷಪರು ಸೇರಿದ ಟ್ರೆಂಟ್ ಮಹಾಸಭೆ 1562ರಲ್ಲಿ ಹಣ ಎತ್ತುವ ಆ ಬೋಧಕರ ಹುದ್ದೆಯನ್ನೇ ತೆಗೆದುಹಾಕಿತು. 1567ರಲ್ಲಿ ಐದನೇ ಪಿಯುಸ್ ಪೋಪ್ ಹಣದ ವ್ಯವಹಾರ ಸೇರಿದ ಮಾಫಿಗಳನ್ನು ರದ್ದುಮಾಡಿದರು. ಪ್ರಶ್ನೆ ಕೇಳಿದವರನ್ನು ವಿಶ್ವಾಸ ಇಲ್ಲದವರು ಎಂದು ಸುಮ್ಮನಾಗಿಸಿದ್ದರೆ ಅದು ಆಗುತ್ತಿರಲಿಲ್ಲ.

ಈಗ ನೀವು ಮಾಡಬಹುದಾದ ಕೆಲಸ. ಕಾನೂನು ಸಂಹಿತೆಯ 212ನೇ ನಿಯಮದ ಪ್ರಕಾರ ಧರ್ಮಸಭೆಯ ಒಳಿತಿನ ಬಗ್ಗೆ ಅನಿಸಿದ್ದನ್ನು ಗುರುಗಳಿಗೆ ಗೌರವದಿಂದ ಹೇಳುವುದು ವಿಶ್ವಾಸಿಯ ಹಕ್ಕು. ಕೆಲವೊಮ್ಮೆ ಕರ್ತವ್ಯವೂ ಹೌದು. 537ರ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೆ ಹಣಕಾಸು ಸಮಿತಿ ಇರಲೇಬೇಕು. ಭಕ್ತರು ಕೊಟ್ಟ ಹಣದ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಎಂದು 1287 ಹೇಳುತ್ತದೆ. ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಅದೇ ಉದ್ದೇಶಕ್ಕೆ ಬಳಸಬೇಕು ಎಂದು 1267. ಫಾದರ್ ಹತ್ತಿರ ಒಬ್ಬರೇ ಹೋಗಿ, ಭಾನುವಾರ ಪೂಜೆ ಮುಗಿದ ಗದ್ದಲದಲ್ಲಿ ಬೇಡ, ವಾರದ ಒಂದು ಸಂಜೆ. ಸಿಟ್ಟು ಮನೆಯಲ್ಲೇ ಬಿಟ್ಟು ಹೋಗಿ. ಹಳೆಯ ಕಟ್ಟಡ ದುರಸ್ತಿ ಆಗುವುದಿಲ್ಲ ಎಂದು ಎಂಜಿನಿಯರ್ ಬರೆದುಕೊಟ್ಟಿದ್ದಾರಾ ಎಂದು ಕೇಳಿ. ಒಟ್ಟು ಅಂದಾಜು ಎಷ್ಟು, ಅದರಲ್ಲಿ ಗೋಡೆಗೆ, ಮಾಡಿಗೆ ಎಷ್ಟು, ಅಲಂಕಾರಕ್ಕೆ ಎಷ್ಟು ಎಂದು ಕೇಳಿ. ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬಹುದಾ? ಬೋಟಿನ ಮೇಲೆ ನಿಂತ ಮನೆಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಒಂದು ರೂಪಾಯಿ ಬರುವುದಿಲ್ಲ, ಅವರಿಗೆ ಬೇರೆ ಲೆಕ್ಕ ಇಡಬಹುದಾ? ಬಂದ ಹಣದಲ್ಲಿ ಒಂದು ಪಾಲನ್ನು ಊರಿನ ಬಡವರ ಚಿಕಿತ್ಸೆಗೆ ತೆಗೆದಿಡಬಹುದಾ? ಫಲಕ ಬಿಡಬಹುದಾ? ಅನೇಕ ಧರ್ಮಗುರುಗಳು ಇಂಥ ಪ್ರಶ್ನೆ ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತಾರೆ. ಕಮಿಟಿಯ ದೊಡ್ಡವರ ಮುಂದೆ ತಾವಾಗಿ ಎತ್ತಲು ಅವರಿಗೂ ಕಷ್ಟ. ಉತ್ತರ ಸಿಗದಿದ್ದರೆ ಇದನ್ನೇ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ.

ಒಂದು ಮಾತು ನಿಮಗೂ. ಕೋಪ ಬರಬಹುದು, ಆದರೂ ಹೇಳುತ್ತೇನೆ. ನಮ್ಮ ಕಡೆ ಇಗರ್ಜಿಗೆ ಕೊಡುವ ಹಣದ ಮೇಲೆ ಕಣ್ಣಿಡುವವರು, ಮೊದಲ ಪರಮಪ್ರಸಾದದ ಪಾರ್ಟಿಗೆ ಹಾಲ್, ಕೇಟರಿಂಗ್, ಡ್ರೆಸ್ ಅಂತ ಸಾಲ ಮಾಡುವಾಗ ಮಾತಾಡುವುದಿಲ್ಲ. ಮದುವೆಯ ಮುಂಚಿನ ರೋಸ್ ಶಾಸ್ತ್ರದ ದಿನ ಡಿಜೆ, ಮದುವೆಗೆ ಎರಡು ಥರ ಕೇಕ್, ಪಕ್ಕದ ಮನೆಯವರು ಮಾಡಿದ್ದಕ್ಕಿಂತ ಒಂದು ಕೈ ಮೇಲೆ. ಅಮೃತಶಿಲೆಯ ಫಲಕದ ಚಪಲ ಮನೆಮನೆಯಲ್ಲಿ ಬೇರೆ ಬೇರೆ ವೇಷದಲ್ಲಿ ಇದೆ. ದೇವರನ್ನೂ ಹಣವನ್ನೂ ಒಟ್ಟಿಗೆ ಸೇವಿಸಲು ಆಗುವುದಿಲ್ಲ ಎಂಬ ಮಾತನ್ನು ಯೇಸು ಪಾದ್ರಿಗಳಿಗೆ ಮಾತ್ರ ಹೇಳಿದ್ದಲ್ಲವಲ್ಲ. ತಂಗಿಯ ಮದುವೆ ನಿಮ್ಮ ಕೈಯಲ್ಲಿದೆ. ಅದನ್ನು ಸಾಲ ಇಲ್ಲದೆ ಮಾಡಿದರೆ ಕಮಿಟಿಯ ಮುಂದೆ ನಿಮ್ಮ ಮಾತಿಗೆ ತೂಕ ಜಾಸ್ತಿ.

ಅಮ್ಮನ ಹತ್ತಿರ ವಾದ ಮಾಡಬೇಡಿ. ಆ ಇಗರ್ಜಿಯಲ್ಲಿ ಅವರ ಮದುವೆ ಆಗಿರಬಹುದು, ನಿಮ್ಮ ದೀಕ್ಷಾಸ್ನಾನ ಆಗಿರಬಹುದು, ಅಪ್ಪನ ಕೊನೆಯ ಪೂಜೆಯೂ ಅಲ್ಲೇ ಆಗಿರಬೇಕು. ಕೊಡಬೇಕು ಎಂಬ ಅವರ ಆಸೆಯ ಹಿಂದೆ ಬರೀ ಹೆದರಿಕೆ ಇದೆ ಎಂದು ತೀರ್ಮಾನಿಸಬೇಡಿ. ಮೊದಲು ಹೇಳಿದ ಮಾರ್ಕನ ಎರಡು ಅಧ್ಯಾಯಗಳನ್ನು ಸಂಜೆ ತೇರ್ಸಾ (ಜಪಮಾಲೆ) ಪ್ರಾರ್ಥನೆ ಆದಮೇಲೆ ಪೂರ್ತಿ ಓದಿ ಹೇಳಿ. ತಲೆ ಬಿಟ್ಟು ಬಾಲ ಬಿಟ್ಟು ಓದಬೇಡಿ. ಆಮೇಲೆ ಎಷ್ಟು ಕೊಡಬೇಕು ಎಂದು ಅವರೇ ಹೇಳಲಿ. ಅವರವರು ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಲಿ, ಬೇಸರದಿಂದಲೂ ಬೇಡ, ಒತ್ತಾಯಕ್ಕೂ ಬೇಡ ಎಂದು ಪೌಲ ಕೊರಿಂಥದವರಿಗೆ ಬರೆದದ್ದು ಅವರಿಗೂ ಸಲ್ಲುತ್ತದೆ. ಐನೂರು ಅಂದರೆ ಐನೂರು.

ಪೂಜೆಗೆ ಹೋಗುವುದನ್ನು ಬಿಡಬೇಡಿ. ಬಾಗಿಲಲ್ಲಿ ಯಾರೂ ರಸೀದಿ ಕೇಳುವುದಿಲ್ಲ. ಬಿಟ್ಟರೆ ಮುಂದಿನ ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುವ ಒಂದು ಕೈ ಕಡಿಮೆ ಆಗುತ್ತದೆ. ನಿಮ್ಮ ಧರ್ಮಕೇಂದ್ರದಲ್ಲಿ ಸೇಂಟ್ ವಿನ್ಸೆಂಟ್ ಡಿ ಪಾವ್ಲ್ ಸೊಸೈಟಿ ಇದ್ದರೆ ಸೇರಿಕೊಳ್ಳಿ. 1833ರಲ್ಲಿ ಪ್ಯಾರಿಸಿನಲ್ಲಿ ಕಾಲೇಜು ಹುಡುಗರು ಶುರುಮಾಡಿದ ಸಂಘ ಅದು, ಬಡವರ ಮನೆಗೆ ನಡೆದು ಹೋಗಿ ನೋಡುವುದೇ ಅದರ ಕೆಲಸ. ಯಾರ ಮನೆಯಲ್ಲಿ ಏನಿಲ್ಲ ಎಂದು ಕಟ್ಟಡ ಕಮಿಟಿಗೆ ಹೆಸರು ಹೇಳದೆ ತಿಳಿಸಲು ಆಗ ನಿಮಗೆ ಆಧಾರ ಇರುತ್ತದೆ. ಅಮ್ಮ ನಿಶ್ಚಯಿಸಿದ ಮೊತ್ತವನ್ನು ಒಂದೇ ಸಲ ಕೊಡಬೇಕೆಂದಿಲ್ಲ. ನಿಮ್ಮ ಸಂಬಳದ ಲೆಕ್ಕ ನೋಡಿ ಕಂತಿನಲ್ಲಿ ಕೊಡಿ, ಪ್ರತಿ ಕಂತಿಗೂ 'ಕಟ್ಟಡ ನಿಧಿ' ಎಂದು ಬರೆದ ರಸೀದಿ ತಗೊಳ್ಳಿ, ರಸೀದಿಯಲ್ಲಿ ಅಮ್ಮನ ಹೆಸರು ಹಾಕಿಸಿ.